ಅಜ್ಜನ ಮೌತ್ ಆರ್ಗನ್ ಯಾವ ಕಾಲದ್ದು? ಗುರುತು ಹಿಡಿಯುವ ಬಗೆ

ಮನೆಯ ಹಿರಿಯರ ಟ್ರಂಕಿನಲ್ಲೋ ಕಪಾಟಿನ ಮೂಲೆಯಲ್ಲೋ ಒಂದು ಹಳೆಯ ಮೌತ್ ಆರ್ಗನ್ ಸಿಗುತ್ತದೆ. ಮೇಲೆ ಜರ್ಮನ್ ಬರಹ, ಒಂದೆರಡು ಪದಕಗಳ ಚಿತ್ರ, ನಡುವೆ ‘1896’ ಎಂಬ ಅಂಕಿ. ಕೂಡಲೇ ಫೋಟೊ ತೆಗೆದು ಕಳುಹಿಸುತ್ತಾರೆ: ‘ಇದು 1896ರದ್ದೇ? ಬೆಲೆ ಬಾಳುತ್ತದೆಯೇ?’ ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆ ಕೂತು ಎಲ್ಲವನ್ನೂ ಬರೆದುಬಿಡುತ್ತಿದ್ದೇನೆ.

ಮೊದಲು ಆ ಅಂಕಿಯ ಗೊಂದಲ ಮುಗಿಸೋಣ. 1896 ಎನ್ನುವುದು ಹೋನರ್ ಕಂಪನಿಯ ‘ಮರೀನ್ ಬ್ಯಾಂಡ್’ ಎಂಬ ವಾದ್ಯದ ಮಾದರಿ ಸಂಖ್ಯೆ. ಆ ಮಾದರಿ 1896ರಲ್ಲಿ ಹೊರಬಂದದ್ದು ನಿಜ. ಆದರೆ ಅದು ಇಂದಿಗೂ ತಯಾರಾಗುತ್ತಿದೆ, ಅದೇ ಸಂಖ್ಯೆಯನ್ನೇ ಹೊತ್ತುಕೊಂಡು. ಹಾಗಾಗಿ ಆ ಅಂಕಿಯಿಂದ ನಿಮ್ಮ ವಾದ್ಯದ ಹೆಸರು ಗೊತ್ತಾಗುತ್ತದೆಯೇ ಹೊರತು ವಯಸ್ಸಲ್ಲ. ‘1857’ ಎಂದು ಕಂಡರೆ ಅದು ಹೋನರ್ ಕಂಪನಿ ಹುಟ್ಟಿದ ವರ್ಷ. ‘1847’ ಎಂದಿದ್ದರೆ ಸೈಡೆಲ್ ಕಂಪನಿಯದು. ಅಂಗಡಿಯ ಬೋರ್ಡಿನ ಮೇಲೆ ‘ಸ್ಥಾಪನೆ’ ಎಂದು ಬರೆಸಿದ ಇಸವಿ ಒಳಗಿರುವ ಸರಕಿನ ಇಸವಿಯಾಗುವುದಿಲ್ಲವಲ್ಲ, ಹಾಗೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಹೊಲಿಗೆ ಯಂತ್ರಕ್ಕೋ ಕ್ಯಾಮೆರಾಕ್ಕೋ ಇರುವಂತೆ ಬಿಡಿ ವಾದ್ಯಕ್ಕೊಂದು ಕ್ರಮಸಂಖ್ಯೆ ಹಾಕುವ ಪದ್ಧತಿ ಹಳೆಯ ಮೌತ್ ಆರ್ಗನ್‌ಗಳಲ್ಲಿ ಸಾಮಾನ್ಯವಾಗಿ ಇರಲಿಲ್ಲ. ಆದ್ದರಿಂದ ನಿಖರವಾಗಿ ಒಂದೇ ಇಸವಿ ಸಿಗುವುದಿಲ್ಲ. ಸಿಗುವುದು ಎರಡು ಗಡಿಗಳು: ‘ಇದಕ್ಕಿಂತ ಮೊದಲಿನದಲ್ಲ’, ‘ಇದಕ್ಕಿಂತ ಈಚಿನದಲ್ಲ’. ಈ ಎರಡು ಗಡಿಗಳನ್ನು ಎಷ್ಟು ಹತ್ತಿರ ತರಲು ಸಾಧ್ಯವೋ ಅಷ್ಟು ತರುವುದೇ ಇಲ್ಲಿನ ಕೆಲಸ. ಅದಕ್ಕೊಂದು ಸೂತ್ರವಿದೆ: ಹಳೆಯ ಗುರುತು ಹೊಸ ವಾದ್ಯದ ಮೇಲೆ ಇರಬಹುದು, ಹೊಸ ಗುರುತು ಹಳೆಯ ವಾದ್ಯದ ಮೇಲೆ ಇರಲಾರದು. ಕಂಡ ಗುರುತುಗಳಲ್ಲಿ ಎಲ್ಲಕ್ಕಿಂತ ಕಿರಿಯದು ಯಾವುದೋ, ತೀರ್ಪು ಅದರದು.

ಏನೇನು ಬೇಕು

ಒಂದು ಭೂತಗನ್ನಡಿ, ಸಣ್ಣ ಟಾರ್ಚ್, ಮೆತ್ತನೆಯ ಒಣ ಕುಂಚ, ಅಳತೆಪಟ್ಟಿ, ಒಂದು ಪುಟ್ಟ ಅಯಸ್ಕಾಂತ, ಪೆನ್ಸಿಲ್, ಕಾಗದ, ಮೊಬೈಲಿನ ಕ್ಯಾಮೆರಾ. ಸ್ಕ್ರೂಡ್ರೈವರ್ ಬೇಡ. ಲೋಹದ ಪಾಲಿಶ್ ಅಂತೂ ಆ ಕೋಣೆಯಲ್ಲೇ ಇರುವುದು ಬೇಡ.

ಮೂರು ಭಾಗಗಳ ಹೆಸರು ತಿಳಿದಿರಲಿ, ಮುಂದೆ ಪದೇ ಪದೇ ಬರುತ್ತವೆ. ಮೇಲೆ, ಕೆಳಗೆ ಹೊಳೆಯುವ ತಗಡುಗಳು ಕವರ್ ಪ್ಲೇಟ್, ಅಂದರೆ ಮುಚ್ಚಳ. ಅದರ ಕೆಳಗಿನ ಚಪ್ಪಟೆ ಹಿತ್ತಾಳೆ ಹಲಗೆ ರೀಡ್ ಪ್ಲೇಟ್. ಹಾರ್ಮೋನಿಯಂ ಒಳಗೆ ಇರುವಂಥವೇ ಪುಟ್ಟ ಲೋಹದ ನಾಲಿಗೆಗಳು, ಅಂದರೆ ರೀಡ್‌ಗಳು, ಇದರ ಮೇಲೆ ಸಾಲಾಗಿ ಕೂತಿರುತ್ತವೆ. ನಡುವೆ ಗಾಳಿಯ ಕೋಣೆಗಳಿರುವ ದಪ್ಪ ಭಾಗ ಕೋಂಬ್. ಬಿಚ್ಚಿ ನೋಡಿದರೆ ಬಾಚಣಿಗೆಯಂತೆಯೇ ಕಾಣುತ್ತದೆ, ಹೆಸರು ಬಂದದ್ದೂ ಹಾಗೆಯೇ.

ಹಂತ 1: ಊದಬೇಡಿ, ಉಜ್ಜಬೇಡಿ

ಕೈಗೆ ಸಿಕ್ಕ ತಕ್ಷಣ ಬಾಯಿಗಿಟ್ಟು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಿ. ಈ ವಾದ್ಯದಲ್ಲಿ ಉಸಿರು ಬಿಟ್ಟಾಗ ಮಾತ್ರವಲ್ಲ, ಎಳೆದುಕೊಂಡಾಗಲೂ ಸ್ವರ ಬರುತ್ತದೆ. ಹತ್ತಾರು ವರ್ಷಗಳ ಧೂಳು, ತುಕ್ಕಿನ ಪುಡಿ, ಹಿತ್ತಾಳೆಯ ಮೇಲೆ ಕಟ್ಟಿದ ಹಸಿರು ಕಿಲುಬು ಆ ಉಸಿರಿನೊಂದಿಗೆ ನೇರ ನಿಮ್ಮ ಗಂಟಲಿಗೆ ಇಳಿಯುತ್ತವೆ. ವಾದ್ಯಕ್ಕೂ ಇದು ಒಳ್ಳೆಯದಲ್ಲ. ಬಾಯಿಯ ತೇವ ತಾಗಿದರೆ ಒಣಗಿ ನಿಂತ ಮರದ ಕೋಂಬ್ ಉಬ್ಬಿ ಸೀಳು ಬಿಡಬಹುದು. ನೀರಿನಲ್ಲಿ ತೊಳೆಯಬಾರದು ಎನ್ನುವುದಕ್ಕೂ ಇದೇ ಕಾರಣ.

ಪಾಲಿಶ್ ಮಾಡುವುದು ಇದಕ್ಕಿಂತ ದೊಡ್ಡ ತಪ್ಪು. ಮುಚ್ಚಳದ ಮೇಲಿನ ನಿಕ್ಕಲ್ ಲೇಪ ಬಹಳ ತೆಳು. ಉಜ್ಜಿದರೆ ಲೇಪದ ಜೊತೆಗೆ ನೀವು ಓದಬೇಕಾದ ಅಕ್ಷರಗಳೂ ಹೋಗುತ್ತವೆ. ಫಳಫಳ ಹೊಳೆಯುವ, ಆದರೆ ಹೆಸರೇ ಇಲ್ಲದ ವಾದ್ಯಗಳ ಫೋಟೊ ನನಗೆ ಆಗಾಗ ಬರುತ್ತದೆ. ಅವುಗಳ ಬಗ್ಗೆ ಹೇಳಲು ನನ್ನ ಬಳಿಯೂ ಏನೂ ಉಳಿದಿರುವುದಿಲ್ಲ. ಒಣ ಕುಂಚದಿಂದ ಧೂಳು ತೆಗೆಯಿರಿ, ಅಲ್ಲಿಗೆ ನಿಲ್ಲಿಸಿ.

ಹಂತ 2: ಎಲ್ಲ ಬದಿಗಳ ಫೋಟೊ ತೆಗೆಯಿರಿ

ಮೇಲಿನ ಮುಚ್ಚಳ, ಕೆಳಗಿನ ಮುಚ್ಚಳ, ಊದುವ ಬದಿ, ಹಿಂಬದಿ, ಎರಡೂ ತುದಿಗಳು. ಪೆಟ್ಟಿಗೆ ಇದ್ದರೆ ಅದರ ಹೊರಗು, ಒಳಗು, ತಳ. ಎರಡು ಮುಚ್ಚಳಗಳ ಮೇಲೂ ಒಂದೇ ಬರಹ ಇರುತ್ತದೆ ಎಂದುಕೊಳ್ಳಬೇಡಿ. ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಪದಕಗಳು ಇರುವುದು ಮಾಮೂಲು.

ಅಕ್ಷರ ಸವೆದಿದ್ದರೆ ಒಂದು ಉಪಾಯ ಮಾಡಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೇಲಿನಿಂದ ಹಿಡಿಯದೆ ಮೇಜಿನ ಮಟ್ಟಕ್ಕೆ ಇಳಿಸಿ, ಮುಚ್ಚಳದ ಅಂಚಿನಿಂದ ಬೆಳಕು ಜಾರಿ ಹೋಗುವಂತೆ ಹಿಡಿಯಿರಿ. ಟಾರ್ಚನ್ನು ನಿಧಾನವಾಗಿ ಸುತ್ತ ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಇದ್ದಕ್ಕಿದ್ದಂತೆ ಅಕ್ಷರಗಳ ನೆರಳು ಎದ್ದು ನಿಲ್ಲುತ್ತದೆ. ಏನೂ ಇಲ್ಲ ಎಂದುಕೊಂಡ ಕಡೆ ಅರ್ಧ ನಕ್ಷತ್ರವೋ ಒಂದು ಊರಿನ ಹೆಸರಿನ ಬಾಲವೋ ಕಾಣಿಸುತ್ತದೆ. ಆ ಕ್ಷಣದಲ್ಲೇ ಫೋಟೊ ತೆಗೆದುಕೊಳ್ಳಿ. ಕೈ ಕದಲಿದರೆ ಮತ್ತೆ ಹುಡುಕಬೇಕಾಗುತ್ತದೆ. ಒತ್ತಿ ಮೂಡಿಸಿದ ಅಕ್ಷರವಾದರೆ ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲನ್ನು ಅಡ್ಡಲಾಗಿ ಹಗುರವಾಗಿ ಆಡಿಸಿದರೂ ನಕಲು ಬರುತ್ತದೆ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಮಾಡಿದ ಆಟವೇ.

ಹಂತ 3: ಯಾವ ಜಾತಿಯದು ಎಂದು ನೋಡಿ

ಊದುವ ಬದಿಯನ್ನು ನೋಡಿ. ಒಂದೇ ಸಾಲಿನಲ್ಲಿ ಹತ್ತು ತೂತುಗಳಿದ್ದರೆ ಅದು ಡಯಾಟೋನಿಕ್, ಅಂದರೆ ಒಂದೇ ಶ್ರುತಿಗೆ ಹೊಂದಿಸಿದ ವಾದ್ಯ. ಒಳಗೆ ಇಪ್ಪತ್ತು ರೀಡ್‌ಗಳಿರುತ್ತವೆ. ಮರೀನ್ ಬ್ಯಾಂಡ್ ಈ ಜಾತಿಯದು. ಬಲತುದಿಯಲ್ಲಿ ಒತ್ತುವ ಗುಂಡಿ ಇದ್ದರೆ ಕ್ರೊಮ್ಯಾಟಿಕ್. ಗುಂಡಿ ಒತ್ತಿದಾಗ ಅರ್ಧ ಸ್ವರಗಳು ಸಿಗುತ್ತವೆ. ಗುಂಡಿಯ ಕ್ರೊಮ್ಯಾಟಿಕ್ 20ನೇ ಶತಮಾನದ ಕೂಸು, ಆದ್ದರಿಂದ ‘ನಮ್ಮದು 1880ರದ್ದು’ ಎಂದು ಯಾರಾದರೂ ಅಂಥದ್ದನ್ನು ತೋರಿಸಿದರೆ ನಂಬಬೇಡಿ.

ತೂತುಗಳು ಒಂದರ ಮೇಲೊಂದು ಎರಡು ಸಾಲಾಗಿದ್ದರೆ ಅದು ಟ್ರೆಮೊಲೊ ಅಥವಾ ಆಕ್ಟೇವ್. ಟ್ರೆಮೊಲೊದಲ್ಲಿ ಒಂದು ಸ್ವರಕ್ಕೆ ಎರಡು ರೀಡ್‌ಗಳಿದ್ದು ಅವುಗಳ ಶ್ರುತಿಯಲ್ಲಿ ಬೇಕೆಂದೇ ಕೂದಲೆಳೆಯ ವ್ಯತ್ಯಾಸ ಇಟ್ಟಿರುತ್ತಾರೆ, ನಾದ ಅಲೆಅಲೆಯಾಗಿ ಕೇಳುವುದು ಅದರಿಂದಲೇ. ಆಕ್ಟೇವ್‌ನಲ್ಲಿ ಎರಡನೆಯ ರೀಡ್ ಒಂದು ಸ್ಥಾಯಿ ಕೆಳಗಿನದು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ, ಬಹಳ ಮಂದಿ ಎಡವುವುದು ಇಲ್ಲಿ. ಊದದೆಯೇ ತಿಳಿಯಬೇಕೆಂದರೆ ಹಿಂಬದಿಯ ತೆರಪಿನಿಂದ ಟಾರ್ಚ್ ಬಿಟ್ಟು ನೋಡಿ: ಮೇಲಿನ, ಕೆಳಗಿನ ರೀಡ್‌ಗಳ ಉದ್ದ ಸಮನಾಗಿದ್ದರೆ ಟ್ರೆಮೊಲೊ, ಒಂದು ಕಡೆಯವು ಎದ್ದು ಕಾಣುವಷ್ಟು ಉದ್ದವಾಗಿದ್ದರೆ ಆಕ್ಟೇವ್.

ಹಂತ 4: ತಯಾರಕರನ್ನು ಹುಡುಕಿ

ಹಳೆಯ ವಾದ್ಯವಾದರೆ ತಯಾರಾದ ಊರು ಜರ್ಮನಿಯ ಎರಡರಲ್ಲಿ ಒಂದಾಗಿರುವ ಸಂಭವ ಹೆಚ್ಚು. ನೈಋತ್ಯ ಜರ್ಮನಿಯ ಟ್ರೊಸಿಂಗೆನ್ ಒಂದು. ಹೋನರ್, ಆಂಡ್ರಿಯಾಸ್ ಕೋಖ್, ಕ್ರಿಸ್ಟಿಯಾನ್ ಮೆಸ್ನರ್ ಕಂಪನಿಗಳು ಅಲ್ಲಿಯವು. ಸ್ಯಾಕ್ಸನಿ ಪ್ರಾಂತ್ಯದ ಕ್ಲಿಂಗೆಂಟಾಲ್ ಇನ್ನೊಂದು, ಸೈಡೆಲ್, ಎಫ್. ಎ. ಬೋಮ್ ಅಲ್ಲಿಯವರು. 1920ರ ದಶಕದ ಕೊನೆಯ ಹೊತ್ತಿಗೆ ಟ್ರೊಸಿಂಗೆನ್‌ನ ಎದುರಾಳಿಗಳಾದ ಮೆಸ್ನರ್, ಕೋಖ್ ಎರಡನ್ನೂ ಹೋನರ್ ನುಂಗಿಹಾಕಿತು. ಆದರೆ ಕೊಂಡುಕೊಂಡ ಕಂಪನಿಗಳ ಹೆಸರು ಮಾರುಕಟ್ಟೆಯಲ್ಲಿ ಓಡುತ್ತಿದ್ದರೆ ಅದನ್ನು ಉಳಿಸಿಕೊಳ್ಳುವುದು ವ್ಯಾಪಾರಿ ಜಾಣತನ, ಹಾಗಾಗಿ ‘ಕೋಖ್’ ಎಂದು ಕಂಡಮಾತ್ರಕ್ಕೆ ಗಡಿಗೆರೆ ಎಳೆದುಬಿಡಬೇಡಿ.

ಜಪಾನಿನವುಗಳಲ್ಲಿ ಎರಡು ಕೀಟಗಳನ್ನು ನೆನಪಿಡಿ. ಏರೋಪ್ಲೇನ್ ಚಿಟ್ಟೆಯ ಚಿತ್ರ ಇದ್ದರೆ ಟೊಂಬೊ, 1917ರಲ್ಲಿ ಶುರುವಾದ ಕಂಪನಿ. ಜಪಾನಿ ಭಾಷೆಯಲ್ಲಿ ಆ ಪದದ ಅರ್ಥವೇ ಆ ಕೀಟ. ‘ಬಟರ್‌ಫ್ಲೈ’ ಎಂಬ ಹೆಸರು ಇದ್ದರೆ ನಿಪ್ಪೋನ್ ಗಕ್ಕಿ, ಅಂದರೆ ಇಂದಿನ ಯಮಹಾ. ಸುಜುಕಿ ಹೆಸರಿನ ಮೌತ್ ಆರ್ಗನ್‌ಗಳು 1953ರಿಂದ ಈಚಿನವು. ರೀಡ್ ಸಮೇತ ಎಲ್ಲವೂ ಪ್ಲಾಸ್ಟಿಕ್ಕಿನದಾಗಿದ್ದರೆ ಅಮೆರಿಕದ ಮ್ಯಾಗ್ನಸ್ ಕಂಪನಿಯದ್ದಿರಬಹುದು. ಯುದ್ಧಕಾಲದಲ್ಲಿ ಜರ್ಮನಿಯ ಸರಕು ನಿಂತುಹೋದ 1940ರ ದಶಕದಲ್ಲಿ ಅದು ಹೆಸರು ಮಾಡಿತು.

ಈ ಹಂತದಲ್ಲಿ ಎರಡು ಬಲೆಗಳಿವೆ. ಮೊದಲನೆಯದು ಅಂಗಡಿಯ ಹೆಸರು. ದೊಡ್ಡ ವ್ಯಾಪಾರಿಗಳು ಕಾರ್ಖಾನೆಗೆ ಹೇಳಿ ತಮ್ಮ ಹೆಸರಿನಲ್ಲೇ ವಾದ್ಯ ಮಾಡಿಸುತ್ತಿದ್ದರು. ನೀವು ತಯಾರಕ ಎಂದುಕೊಂಡ ಹೆಸರು ಮಾರಿದವನದ್ದಿರಬಹುದು. ಎರಡನೆಯದು ಇನ್ನೂ ಮಜವಾದದ್ದು. ‘ಗೆಸ್ ಗೆಷ್ ಎನ್ನುವ ಕಂಪನಿಯ ಬಗ್ಗೆ ಎಲ್ಲೂ ಮಾಹಿತಿ ಸಿಗುತ್ತಿಲ್ಲ’ ಎಂದು ಪತ್ರ ಬರೆಯುವವರಿದ್ದಾರೆ. ಸಿಗುವುದು ಹೇಗೆ? ಜಿ-ಇ-ಎಸ್ ಚುಕ್ಕೆ, ಜಿ-ಇ-ಎಸ್-ಸಿ-ಎಚ್ ಚುಕ್ಕೆ ಎಂದು ಬರೆದಿರುವುದು ‘ಗೆಸೆಟ್ಸ್‌ಲಿಷ್ ಗೆಶ್ಯುಟ್ಸ್ಟ್’ ಎಂಬುದರ ಸಂಕ್ಷೇಪ: ‘ಕಾನೂನಿನ ರಕ್ಷಣೆ ಉಂಟು’ ಎಂದು ಅರ್ಥ. ‘ಶುಟ್ಸ್‌ಮಾರ್ಕೆ’ ಎಂದಿದ್ದರೆ ಟ್ರೇಡ್‌ಮಾರ್ಕ್. ಎರಡೂ ಯಾರ ಹೆಸರೂ ಅಲ್ಲ.

ಹಂತ 5: ಗಡಿ ಹಾಕುವ ಗುರುತುಗಳು

ಈ ಹಂತಕ್ಕೆ ಸಮಯ ಕೊಡಿ. ಕಾಗದದ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಕ್ಕೆ ‘ಇದಕ್ಕಿಂತ ಮೊದಲಿನದಲ್ಲ’, ಬಲಕ್ಕೆ ‘ಇದಕ್ಕಿಂತ ಈಚಿನದಲ್ಲ’. ಒಂದೊಂದು ಗುರುತು ಸಿಕ್ಕಂತೆ ಬರೆದುಕೊಳ್ಳುತ್ತಾ ಹೋಗಿ.

ದೇಶದ ಹೆಸರು. ಬ್ರಿಟನ್ನಿನ 1887ರ ಕಾಯ್ದೆ ಮತ್ತು ಅಮೆರಿಕದಲ್ಲಿ 1891ರಿಂದ ಜಾರಿಗೆ ಬಂದ ಸುಂಕದ ಕಾಯ್ದೆಯ ಒತ್ತಡದಿಂದಾಗಿ ಹೊರದೇಶಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಬರತೊಡಗಿತು. ಆದ್ದರಿಂದ ‘ಜರ್ಮನಿ’ ಎಂದು ಇಂಗ್ಲಿಷಿನಲ್ಲಿ ಇದ್ದರೆ ಸಾಮಾನ್ಯವಾಗಿ ಆ ಕಾಲದಿಂದ ಈಚಿನದು. ಆದರೆ ಇದನ್ನು ತಿರುಗಿಸಿ ಓದಬೇಡಿ. ದೇಶದ ಹೆಸರೇ ಇಲ್ಲ ಎಂದರೆ 1887ಕ್ಕಿಂತ ಹಳೆಯದು ಎಂದೇನೂ ಅಲ್ಲ. ಜರ್ಮನಿಯೊಳಗೇ ಮಾರಲು ಮಾಡಿದ ವಾದ್ಯಕ್ಕೆ ಆ ಬರಹದ ಅಗತ್ಯವೇ ಇರಲಿಲ್ಲ.

‘ವೆಸ್ಟರ್ನ್ ಜರ್ಮನಿ’ ಅಥವಾ ‘ವೆಸ್ಟ್ ಜರ್ಮನಿ’ ಎಂದಿದ್ದರೆ ಯುದ್ಧಾನಂತರ ದೇಶ ಇಬ್ಭಾಗವಾದ ಕಾಲದ್ದು, ಅಂದರೆ 1949ರಿಂದ 1990ರ ನಡುವಿನದು. ‘ಜಿ.ಡಿ.ಆರ್.’ ಅಥವಾ ‘ಡಿ.ಡಿ.ಆರ್.’ ಎಂದಿದ್ದರೆ ಅದೇ ಅವಧಿಯ ಪೂರ್ವ ಜರ್ಮನಿಯದು. ಕ್ಲಿಂಗೆಂಟಾಲ್ ಆ ಕಡೆಗೆ ಸೇರಿತ್ತು. ‘ವಿ.ಇ.ಬಿ.’ ಎಂಬ ಮೂರು ಅಕ್ಷರಗಳೂ ಅದನ್ನೇ ಹೇಳುತ್ತವೆ: ಸರ್ಕಾರ ವಹಿಸಿಕೊಂಡ, ‘ಜನರ ಒಡೆತನದ ಉದ್ಯಮ’. ಆದರೆ ಯುದ್ಧದ ನಂತರವೂ ಹೋನರ್‌ನ ಎಷ್ಟೋ ವಾದ್ಯಗಳು ಬರೀ ‘ಮೇಡ್ ಇನ್ ಜರ್ಮನಿ’ ಎಂದೇ ಹೊರಬಂದವು. ‘ವೆಸ್ಟ್’ ಎಂದಿಲ್ಲ, ಆದ್ದರಿಂದ ಯುದ್ಧಕ್ಕಿಂತ ಹಿಂದಿನದು ಎಂಬ ವಾದ ನಿಲ್ಲುವುದಿಲ್ಲ.

ಜಪಾನಿನ ಸರಕಿನ ಮೇಲೆ ‘ನಿಪ್ಪೋನ್’ ಎಂದು ಮಾತ್ರ ಇದ್ದರೆ 1921ಕ್ಕಿಂತ ಹಿಂದಿನದಿರಬಹುದು. ಆ ವರ್ಷದಿಂದ ಅಮೆರಿಕವು ‘ಜಪಾನ್’ ಎಂದೇ ಬರೆಯಬೇಕೆಂದು ಪಟ್ಟು ಹಿಡಿಯಿತು. ನಿಪ್ಪೋನ್ ಗಕ್ಕಿ ಎಂಬ ಕಂಪನಿಯ ಹೆಸರಿನೊಳಗಿನ ‘ನಿಪ್ಪೋನ್’ ಇದಕ್ಕೆ ಲೆಕ್ಕವಿಲ್ಲ, ಜೋಕೆ. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ನಿಮ್ಮ ಅದೃಷ್ಟ: ಮಿತ್ರರಾಷ್ಟ್ರಗಳ ಸೇನೆ ಅಲ್ಲಿದ್ದ ಅವಧಿಯದು, 1952ರ ಏಪ್ರಿಲ್‌ನಲ್ಲಿ ಅದು ಮುಗಿಯಿತು. ಇಷ್ಟು ಕಿರಿದಾದ ಗಡಿ ಬೇರೆ ಯಾವ ಗುರುತಿನಿಂದಲೂ ಸುಲಭವಾಗಿ ಸಿಗುವುದಿಲ್ಲ.

ನಕ್ಷತ್ರ. ಹೋನರ್‌ನ ಹಳೆಯ ಮುದ್ರೆಯಲ್ಲಿ ವೃತ್ತದೊಳಗೆ ಆರು ಮೂಲೆಯ ನಕ್ಷತ್ರವಿತ್ತು. ನಾಜಿ ಆಡಳಿತದ ಕಾಲದಲ್ಲಿ, 1930ರ ದಶಕದ ಕೊನೆಯ ಭಾಗದಲ್ಲಿ, ಅದು ಮುದ್ರೆಯಿಂದ ಮರೆಯಾಯಿತು. ಹಾಗಾಗಿ ನಕ್ಷತ್ರ ಇರುವ ಹೋನರ್ ಬಹುತೇಕ ಯುದ್ಧಪೂರ್ವದ್ದು. ಬಲಗಡೆಯ ಗಡಿ ಹಾಕಲು ಇದಕ್ಕಿಂತ ಒಳ್ಳೆಯ ಗುರುತು ಇನ್ನೊಂದಿಲ್ಲ, ಆದರೂ ‘ಬಹುತೇಕ’ ಎಂದಿದ್ದನ್ನು ಗಮನಿಸಿ. ಕಾರ್ಖಾನೆಯಲ್ಲಿ ಹಳೆಯ ಅಚ್ಚು, ಒತ್ತಿಟ್ಟ ಹಳೆಯ ಮುಚ್ಚಳ ಮುಗಿಯುವವರೆಗೂ ಬಳಕೆಯಾಗುವುದು ಯಾವ ಕಸುಬಿನಲ್ಲೂ ಇದ್ದದ್ದೇ. ನಕ್ಷತ್ರದ ಜೊತೆ ಇನ್ನೊಂದು ಸಾಕ್ಷಿ ಸಿಕ್ಕರೆ ನೆಮ್ಮದಿ.

ಪದಕಗಳು. ಮುಚ್ಚಳದ ಮೇಲಿನ ಪದಕಗಳು ಕೈಗಾರಿಕಾ ಪ್ರದರ್ಶನಗಳಲ್ಲಿ ಕಂಪನಿ ಗೆದ್ದಂಥವು. ಪದಕದೊಳಗಿನ ಇಸವಿ ಗೆದ್ದ ವರ್ಷವೇ ಹೊರತು ವಾದ್ಯ ತಯಾರಾದ ವರ್ಷವಲ್ಲ. ಗೆದ್ದ ಪದಕವನ್ನು ಯಾರೂ ಬೇಗ ಮರೆಯುವುದಿಲ್ಲ, ಐವತ್ತು ವರ್ಷ ಮೆರೆಸುತ್ತಾರೆ. ಆದ್ದರಿಂದ ಹಲವು ಪದಕಗಳಿದ್ದರೆ ಕೊನೆಯದನ್ನು ಹುಡುಕಿ, ಅದನ್ನು ಎಡಗಡೆ ಬರೆಯಿರಿ. ಹೋನರ್‌ನವುಗಳಲ್ಲಿ ‘ಫಿಲಡೆಲ್ಫಿಯಾ 1926’ ಬಹಳ ಉಪಯುಕ್ತ: ಅದು ಕಂಡರೆ ವಾದ್ಯ 1926ಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ಅದೇ ಊರಿನಲ್ಲಿ 1876ರಲ್ಲೂ ಒಂದು ದೊಡ್ಡ ಪ್ರದರ್ಶನ ನಡೆದಿತ್ತು. ಆದ್ದರಿಂದ ಸವೆದ ಅಂಕಿಯನ್ನು ಆಸೆಗೆ ತಕ್ಕಂತೆ ಓದಿಕೊಳ್ಳಬೇಡಿ, ಟಾರ್ಚ್ ಹಿಡಿದು ಓದಿ.

ಜರ್ಮನ್ ಸಂಕ್ಷೇಪಗಳು. ‘ಡಿ.ಆರ್.ಪಿ.’ ಎಂದರೆ ಜರ್ಮನ್ ಸಾಮ್ರಾಜ್ಯದ ಪೇಟೆಂಟ್, 1877ರಲ್ಲಿ ಆರಂಭವಾದದ್ದು. ‘ಡಿ.ಆರ್.ಜಿ.ಎಂ.’ ಎಂದರೆ ಸಣ್ಣಪುಟ್ಟ ಸುಧಾರಣೆಗಳಿಗೆ ಕೊಡುತ್ತಿದ್ದ ನೋಂದಣಿ, 1891ರಿಂದ. ಎರಡೂ 1945ರಲ್ಲಿ ಆ ಸರ್ಕಾರದೊಂದಿಗೇ ಮುಗಿದವು. ಆಮೇಲೆ ಪಶ್ಚಿಮ ಜರ್ಮನಿಯಲ್ಲಿ ‘ಆರ್’ ಅಕ್ಷರದ ಜಾಗಕ್ಕೆ ‘ಬಿ’ ಬಂತು: ‘ಡಿ.ಬಿ.ಪಿ.’, ‘ಡಿ.ಬಿ.ಜಿ.ಎಂ.’. ಸವೆದ ತಗಡಿನ ಮೇಲೆ ಈ ಎರಡು ಇಂಗ್ಲಿಷ್ ಅಕ್ಷರಗಳು ಒಂದರಂತೆ ಒಂದು ಕಾಣುತ್ತವೆ, ಅಷ್ಟರಲ್ಲೇ ಇಪ್ಪತ್ತು ವರ್ಷ ಅತ್ತಿತ್ತ ಆಗುತ್ತದೆ. ಭೂತಗನ್ನಡಿ ಕೊಂಡದ್ದು ಇದಕ್ಕೇ.

ಶ್ರುತಿಯ ಅಕ್ಷರ. ಮುಚ್ಚಳದ ಮೇಲೋ ತುದಿಯಲ್ಲೋ ಒಂಟಿ ಇಂಗ್ಲಿಷ್ ಅಕ್ಷರ ಇದ್ದರೆ ಅದು ವಾದ್ಯದ ಶ್ರುತಿ. ಇಲ್ಲಿ ‘ಎಚ್’ ಕಂಡು ಹೋನರ್‌ನ ಎಚ್ ಎಂದುಕೊಳ್ಳುವವರಿದ್ದಾರೆ. ಜರ್ಮನ್ ರೂಢಿಯಲ್ಲಿ ಬಿ ಸ್ವರವನ್ನು ಎಚ್ ಎಂದೂ, ಬಿ ಫ್ಲ್ಯಾಟ್ ಸ್ವರವನ್ನು ಬರೀ ಬಿ ಎಂದೂ ಕರೆಯುತ್ತಾರೆ. ವಯಸ್ಸಿಗೆ ಇದರಿಂದ ಉಪಯೋಗವಿಲ್ಲ, ಆದರೆ ಜರ್ಮನ್ ಗಿರಾಕಿಗಾಗಿ ಮಾಡಿದ್ದೇ ಎಂದು ಊಹಿಸಲು ಒಂದು ಸುಳಿವು.

ಹಂತ 6: ಮೈಕಟ್ಟು ಏನು ಹೇಳುತ್ತದೆ

ಅಯಸ್ಕಾಂತವನ್ನು ಮುಚ್ಚಳಕ್ಕೆ ಮೆಲ್ಲಗೆ ಮುಟ್ಟಿಸಿ. ಅಂಟಿದರೆ ಒಳಗೆ ಉಕ್ಕು, ಮೇಲೆ ಲೇಪ. ಅಂಟದಿದ್ದರೆ ಹಿತ್ತಾಳೆ ಇರಬಹುದು. ಕೋಂಬ್ ಮರದ್ದೋ ಪ್ಲಾಸ್ಟಿಕ್ಕಿನದೋ ನೋಡಿ. ಪ್ಲಾಸ್ಟಿಕ್ ಆಗಿದ್ದರೆ ಸಾಮಾನ್ಯವಾಗಿ ಯುದ್ಧಾನಂತರದ್ದು. ಮುಚ್ಚಳವನ್ನು ಮೊಳೆ ಹೊಡೆದು ಕೂರಿಸಿದ್ದಾರೋ ಸ್ಕ್ರೂ ಹಾಕಿದ್ದಾರೋ ಗಮನಿಸಿ.

‘ಮರದ ಕೋಂಬ್, ಪುಟ್ಟ ಮೊಳೆಗಳು, ಖಂಡಿತ ನೂರು ವರ್ಷ ಹಳೆಯದು’ ಎನ್ನುವವರಿಗೆ ಒಂದು ಮಾತು. ಮರೀನ್ ಬ್ಯಾಂಡ್‌ನ ಮೂಲ ಮಾದರಿಯನ್ನು ಇಂದಿಗೂ ಪೇರ್ ಮರದ ಕೋಂಬ್ ಇಟ್ಟು, ಮೊಳೆ ಹೊಡೆದೇ ಮಾಡುತ್ತಾರೆ. ಮರ ಮತ್ತು ಮೊಳೆ ಹಳೆತನದ ಪುರಾವೆಯಲ್ಲ. ಹಾಗೆಯೇ ಹಳೆಯ ವಾದ್ಯದಲ್ಲಿ ಸ್ಕ್ರೂ ಕಂಡರೆ ಯಾರೋ ರಿಪೇರಿ ಮಾಡಿರಬಹುದು. ಮೊಳೆ ತೆಗೆದು ಒಳಗೆ ನೋಡುವ ಕೆಲಸಕ್ಕೆ ನೀವು ಇಳಿಯಬೇಡಿ. ಒಣಗಿದ ಮರದಲ್ಲಿ ಅದೇ ತೂತಿಗೆ ಮೊಳೆ ಮತ್ತೆ ಕಚ್ಚುವುದಿಲ್ಲ, ತಗಡು ಒಮ್ಮೆ ಡೊಂಕಾದರೆ ಆಗಿಯೇ ಹೋಯಿತು.

ಹಂತ 7: ಪೆಟ್ಟಿಗೆಯನ್ನು ಬೇರೆಯಾಗಿ ವಿಚಾರಿಸಿ

ಪೆಟ್ಟಿಗೆ ಇನ್ನೊಂದು ಸಾಕ್ಷಿ. ಆದರೆ ಅದು ಈ ವಾದ್ಯದ್ದೇ ಎಂಬ ಖಾತ್ರಿ ಇಲ್ಲ. ಹಳೆಯದು ಹರಿದಾಗ ಬೇರೊಂದರ ಪೆಟ್ಟಿಗೆಗೆ ಹಾಕಿಡುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ. ಮೊದಲು ಪೆಟ್ಟಿಗೆಯ ಮೇಲಿನ ಮಾದರಿಯ ಹೆಸರು, ಸಂಖ್ಯೆ ವಾದ್ಯಕ್ಕೆ ಹೊಂದುತ್ತದೆಯೇ ನೋಡಿ. ಉದ್ದ ಅಳೆದು ಒಳಗೆ ಸರಿಯಾಗಿ ಕೂರುತ್ತದೆಯೇ ನೋಡಿ.

ಹೊಂದಿದರೆ ಪೆಟ್ಟಿಗೆಯಲ್ಲೋ ಒಳಗಿನ ಚೀಟಿಯಲ್ಲೋ ವಿಳಾಸ ಹುಡುಕಿ. ಪಶ್ಚಿಮ ಜರ್ಮನಿಯಲ್ಲಿ ನಾಲ್ಕಂಕಿಯ ಪಿನ್‌ಕೋಡ್ ಬಂದದ್ದು 1961ರಲ್ಲಿ, ಐದಂಕಿಯದು 1993ರಲ್ಲಿ. ‘7218 ಟ್ರೊಸಿಂಗೆನ್’ ಎಂದಿದ್ದರೆ ಈ ಎರಡರ ನಡುವಿನದು, ‘78647 ಟ್ರೊಸಿಂಗೆನ್’ ಎಂದಿದ್ದರೆ 1993ರಿಂದ ಈಚಿನದು. ಬಾರ್‌ಕೋಡ್ ಇದ್ದರೆ 1970ರ ದಶಕಕ್ಕಿಂತ ಹಿಂದೆ ಹೋಗುವ ಮಾತೇ ಇಲ್ಲ. ಅಂಗಡಿಯ ಚೀಟಿ ಅಂಟಿದ್ದರೆ ಕೀಳಬೇಡಿ. ಆ ಅಂಗಡಿ ಯಾವ ಕಾಲದಲ್ಲಿ ಆ ವಿಳಾಸದಲ್ಲಿತ್ತು ಎಂಬುದರಿಂದ ಕೊಂಡ ಕಾಲ ತಿಳಿಯಬಹುದು.

ಒಂದು ಉದಾಹರಣೆ ಹಿಡಿದು ನೋಡೋಣ. ಎರಡು ಸಾಲು ತೂತಿನ ಹೋನರ್ ವಾದ್ಯ, ಮರದ ಕೋಂಬ್. ಮುಚ್ಚಳದ ಮೇಲೆ ವೃತ್ತದೊಳಗೆ ನಕ್ಷತ್ರ, ಫಿಲಡೆಲ್ಫಿಯಾ 1926ರ ಪದಕ, ‘ಡಿ.ಆರ್.ಜಿ.ಎಂ.’, ‘ಮೇಡ್ ಇನ್ ಜರ್ಮನಿ’. ಪೆಟ್ಟಿಗೆಯ ಮೇಲೆ ‘7218 ಟ್ರೊಸಿಂಗೆನ್’. ಎಡಗಡೆ ಬರೆಯಬೇಕಾದದ್ದು: ದೇಶದ ಹೆಸರಿನಿಂದ 1887, ಸಂಕ್ಷೇಪದಿಂದ 1891, ಪದಕದಿಂದ 1926. ಇವುಗಳಲ್ಲಿ ಕಿರಿಯದು 1926, ಉಳಿದವನ್ನು ಹೊಡೆದುಹಾಕಿ. ಬಲಗಡೆ: ಸಂಕ್ಷೇಪದಿಂದ 1945, ನಕ್ಷತ್ರದಿಂದ 1930ರ ದಶಕದ ಕೊನೆ. ಅಲ್ಲಿಗೆ ವಾದ್ಯ 1926ರಿಂದ 1930ರ ದಶಕದ ಕೊನೆಯ ನಡುವಿನದು. ಪೆಟ್ಟಿಗೆಯೋ 1961ರಿಂದ ಈಚಿನದು. ಸೂತ್ರದ ಪ್ರಕಾರ ಕಿರಿಯ ಗುರುತೇ ಗೆಲ್ಲಬೇಕಲ್ಲವೇ ಎನ್ನಬಹುದು. ವಾದ್ಯದ ಮೈಮೇಲಿನ ಗುರುತುಗಳಿಗೆ ಮಾತ್ರ ಆ ಸೂತ್ರ. ಪೆಟ್ಟಿಗೆ ಬದಲಾಗಬಲ್ಲದು, ಇಲ್ಲಿ ಬದಲಾಗಿದೆ.

ಹಂತ 8: ಮನೆಯವರ ಮಾತು

ಇಷ್ಟಾದ ಮೇಲೆ ಮನೆಯ ಹಿರಿಯರನ್ನು ಕೇಳಿ. ಮೊದಲೇ ಕೇಳಿದರೆ ಅವರು ಹೇಳಿದ ಇಸವಿಯನ್ನೇ ತಗಡಿನ ಮೇಲೂ ಓದಿಬಿಡುವ ಅಪಾಯವಿದೆ. ‘ಇದು ಯಾವ ವರ್ಷದ್ದು?’ ಎಂದು ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. ‘ಇದನ್ನು ಅವರು ಊದುತ್ತಿದ್ದಾಗ ನೀವು ಯಾವ ಮನೆಯಲ್ಲಿದ್ದಿರಿ?’, ‘ಮದುವೆಗೆ ಮೊದಲೋ ಆಮೇಲೋ?’ ಎಂದು ಕೇಳಿ. ಹಳೆಯ ಫೋಟೊಗಳಲ್ಲಿ ಅಂಗಿಯ ಜೇಬಿನಿಂದ ಇಣುಕುವ ವಾದ್ಯವನ್ನೂ ಹುಡುಕಿ. ತಗಡಿನ ಮೇಲೆ ಮೊಳೆಯಿಂದ ಗೀಚಿದ ಹೆಸರೋ ಅಕ್ಷರವೋ ಇದ್ದರೆ ಅದು ಕಲೆಯಲ್ಲ; ನಿಮ್ಮ ಮಟ್ಟಿಗೆ ಹೋನರ್‌ನ ಮುದ್ರೆಗಿಂತ ಅದೇ ದೊಡ್ಡದು. ಕೈಗೆ ಬಂದದ್ದು ಮತ್ತು ಕಾರ್ಖಾನೆಯಿಂದ ಹೊರಟದ್ದು ಒಂದೇ ವರ್ಷ ಆಗಬೇಕಿಲ್ಲ ಎಂಬುದು ಮಾತ್ರ ಗಮನದಲ್ಲಿರಲಿ.

ಬೆಲೆಯ ವಿಚಾರ

ಬೇಸರವಾದರೂ ಹೇಳಬೇಕು: ಹೆಚ್ಚಿನವಕ್ಕೆ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆ ಇಲ್ಲ. ಮೊದಲ ವರ್ಷ 650 ವಾದ್ಯ ಮಾಡಿದ ಹೋನರ್ 1887ರ ಹೊತ್ತಿಗೆ ವರ್ಷಕ್ಕೆ ಹತ್ತು ಲಕ್ಷ ದಾಟಿತ್ತು. ಹಳೆಯದಾದ ಮಾತ್ರಕ್ಕೆ ಅಪರೂಪವಾಗುವುದಿಲ್ಲ ಎನ್ನುವುದಕ್ಕೆ ಈ ಲೆಕ್ಕವೇ ಸಾಕು. ಸಂಗ್ರಾಹಕರು ಕಣ್ಣರಳಿಸುವುದು ವಿಚಿತ್ರ ರೂಪದವುಗಳಿಗೆ: ಮೇಲೆ ಪುಟ್ಟ ಗಂಟೆ ಕೂರಿಸಿದವು, ಹೋನರ್‌ನ ‘ಟ್ರಂಪೆಟ್ ಕಾಲ್’ನಂತೆ ಕಹಳೆಬಾಯಿಗಳನ್ನು ಜೋಡಿಸಿದವು, ಮೂಲ ಪೆಟ್ಟಿಗೆ ಕಾಗದಪತ್ರ ಸಮೇತ ಊದದೆಯೇ ಉಳಿದವು. ನಿಮ್ಮದು ಅಂಥದ್ದಾಗಿದ್ದರೆ, ಅಥವಾ ಎಲ್ಲ ಹಂತ ಮುಗಿಸಿದರೂ ತಯಾರಕರೇ ಪತ್ತೆಯಾಗದಿದ್ದರೆ, ಟ್ರೊಸಿಂಗೆನ್‌ನಲ್ಲಿರುವ ಜರ್ಮನ್ ಹಾರ್ಮೋನಿಕಾ ವಸ್ತುಸಂಗ್ರಹಾಲಯಕ್ಕೆ ಬರೆದು ನೋಡಬಹುದು. ಅಮೆರಿಕದ ದಕ್ಷಿಣ ಡಕೋಟಾದ ವರ್ಮಿಲಿಯನ್‌ನಲ್ಲಿರುವ ನ್ಯಾಷನಲ್ ಮ್ಯೂಸಿಕ್ ಮ್ಯೂಸಿಯಂನಲ್ಲೂ ಮೌತ್ ಆರ್ಗನ್‌ಗಳ ದೊಡ್ಡ ಸಂಗ್ರಹವಿದೆ. ಬರೆಯುವಾಗ ಹಂತ 2ರ ಫೋಟೊಗಳನ್ನೂ ಎರಡು ಗಡಿಗಳ ಆ ಕಾಗದವನ್ನೂ ಲಗತ್ತಿಸಿ. ‘ಇದೇನು?’ ಎಂದು ಒಂದೇ ಫೋಟೊ ಕಳುಹಿಸಿದವರಿಗಿಂತ ನಿಮಗೆ ಉತ್ತರ ಸಿಗುವ ಸಂಭವ ಹೆಚ್ಚು.

ಕೊನೆಯದಾಗಿ ಎತ್ತಿಡುವ ಕೆಲಸ. ಒಂದು ಚೀಟಿಯಲ್ಲಿ ಯಾರ ವಾದ್ಯ, ಯಾವ ಮಾದರಿ, ಯಾವ ಎರಡು ವರ್ಷಗಳ ನಡುವಿನದು, ಯಾವ ಗುರುತುಗಳ ಆಧಾರದ ಮೇಲೆ ಹಾಗೆ ಹೇಳುತ್ತಿದ್ದೀರಿ ಎಂಬುದನ್ನು ಬರೆದು ಪೆಟ್ಟಿಗೆಯೊಳಗೆ ಇಡಿ. ಪೆನ್ನು ಬೇಡ, ತೇವಕ್ಕೆ ಶಾಯಿ ಹರಡುತ್ತದೆ, ಪೆನ್ಸಿಲಿನಲ್ಲಿ ಬರೆಯಿರಿ. ಪೆಟ್ಟಿಗೆಯ ಬಾಯಿ ತೆರೆದುಕೊಳ್ಳುತ್ತದೆ ಎಂದು ರಬ್ಬರ್ ಬ್ಯಾಂಡ್ ಹಾಕಬೇಡಿ. ರಬ್ಬರಿನಲ್ಲಿರುವ ಗಂಧಕ ಹಿತ್ತಾಳೆಯನ್ನು ಕಪ್ಪು ಮಾಡುತ್ತದೆ, ಕೆಲವು ವರ್ಷಗಳಲ್ಲಿ ಅದೇ ಕರಗಿ ಪೆಟ್ಟಿಗೆಗೆ ಅಂಟಿಕೊಳ್ಳುತ್ತದೆ. ಒಂದು ತುಂಡು ಹತ್ತಿ ದಾರ ಸಾಕು.